ಮೂರು ಅಂಕದ ಹಾಡು

ಯೂರೋವಿಷನ್ ಹಾಡಿನ ಸ್ಪರ್ಧೆ ಅಂದ ಕೂಡಲೇ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವುದು ಒಂದೇ ಹೆಸರು, ಸ್ವೀಡನ್ನಿನ ಅಬ್ಬಾ. ನನಗೂ ಅಷ್ಟೇ ಗೊತ್ತಿದ್ದದ್ದು. ಒಂದು ರಾತ್ರಿ ನಿದ್ದೆ ಬರದೆ, ಅವರು 'ವಾಟರ್ಲೂ' ಹಾಡಿ ಗೆದ್ದ 1974ರ ಸ್ಪರ್ಧೆಯ ಹಳೆಯ ದಾಖಲೆಯನ್ನು ಹುಡುಕಿ ನೋಡುತ್ತಾ ಕೂತಿದ್ದೆ. ಅಬ್ಬಾ ಬಂದು ಹೋದ ಮೇಲೆ ನಿಲ್ಲಿಸಬೇಕು ಅಂದುಕೊಂಡಿದ್ದವನು ಹಾಗೇ ಮುಂದುವರಿಸಿದೆ. ಸ್ವಲ್ಪ ಹೊತ್ತಿಗೆ ಪೋರ್ಚುಗಲ್‌ನ ಸರದಿ. ಪೌಲೊ ದಿ ಕಾರ್ವಾಲ್ಯೊ ಎಂಬ ಯುವಕ ಬಂದು ನಿಂತು ಒಂದು ಪ್ರೇಮ ವಿರಹದ ಹಾಡು ಹಾಡಿದ. ಹಾಡಿನ ಹೆಸರಿಗೆ 'ಮತ್ತೆ, ವಿದಾಯದ ನಂತರ' ಎಂದು ಅರ್ಥ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಫಲಿತಾಂಶದ ಪಟ್ಟಿ ನೋಡಿದರೆ ಅದಕ್ಕೆ ಸಿಕ್ಕಿದ್ದು ಬರೀ ಮೂರು ಅಂಕ!

ಆ ವರ್ಷದ ಲೆಕ್ಕ ಹೀಗಿತ್ತು. ಸ್ಪರ್ಧೆಯಲ್ಲಿ 17 ದೇಶಗಳು. ಪ್ರತಿ ದೇಶದಲ್ಲೂ 10 ಜನ ತೀರ್ಪುಗಾರರು, ಒಬ್ಬೊಬ್ಬರಿಗೂ ಒಂದೊಂದು ಮತ. ತಮ್ಮ ದೇಶಕ್ಕೆ ತಾವೇ ಮತ ಹಾಕುವಂತಿಲ್ಲ. ಅಂದರೆ ಪೋರ್ಚುಗಲ್‌ನ ಹಾಡಿಗೆ ಮತ ಹಾಕಬಹುದಾಗಿದ್ದವರು 160 ಜನ. ಹಾಕಿದವರು ಮೂವರು. ನಾರ್ವೆ, ಪಶ್ಚಿಮ ಜರ್ಮನಿ, ಸ್ವಿಟ್ಜರ್ಲೆಂಡ್ ಜೊತೆಗೆ ಪೋರ್ಚುಗಲ್ ಕೂಡ ಕಟ್ಟಕಡೆಯ ಸಾಲಿನಲ್ಲಿ.

ಇದು ನಡೆದದ್ದು ಇಂಗ್ಲೆಂಡಿನ ಬ್ರೈಟನ್‌ನಲ್ಲಿ, ಏಪ್ರಿಲ್ 6ರಂದು. ಸರಿಯಾಗಿ 18 ದಿನ ಕಳೆದ ಮೇಲೆ ಇದೇ ಹಾಡು ಲಿಸ್ಬನ್ನಿನ ಒಂದು ರೇಡಿಯೋದಲ್ಲಿ ಬಂತು. ಮರುದಿನ ಸಂಜೆ ಹೊತ್ತಿಗೆ, 1926ರ ಸೈನಿಕ ದಂಗೆಯಿಂದ ಶುರುವಾಗಿ 48 ವರ್ಷ ನಡೆದ ಸರ್ವಾಧಿಕಾರ ಮುಗಿದುಹೋಗಿತ್ತು. ಅದು ಹೇಗೆ ಅಂತ ತಿಳಿಯಲು ಹೋಗಿ, ಆ ದೇಶದ ಯೂರೋವಿಷನ್ ಚರಿತ್ರೆಯನ್ನೇ ಹಿಡಿದು ಕೂತೆ. ಓದಿದಷ್ಟೂ ಸ್ವಾರಸ್ಯ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪೋರ್ಚುಗಲ್ ನಮ್ಮ ಕರ್ನಾಟಕದ ಅರ್ಧದಷ್ಟೂ ಇಲ್ಲದ ದೇಶ. ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ಆದರೂ ನಮಗೆ ತೀರಾ ದೂರದ್ದೇನಲ್ಲ. ಪಕ್ಕದ ಗೋವಾದಲ್ಲಿ ನಾಲ್ಕೂವರೆ ಶತಮಾನ ಕೂತವರು ಅವರು. ಚಾವಿ, ಬಟಾಟೆ, ಪಾದ್ರಿ, ಮೇಸ್ತ್ರಿ ಅಂತ ನಾವು ದಿನಾ ಬಳಸುವ ಮಾತುಗಳು ಅವರ ಹಡಗಿನಲ್ಲೇ ಬಂದವು. ಇಂಥ ದೇಶವನ್ನು ಸಲಜಾರ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕ 1932ರಿಂದ 1968ರವರೆಗೆ ಪ್ರಧಾನಿಯಾಗಿ ಬಿಗಿಮುಷ್ಟಿಯಲ್ಲಿ ಆಳಿದ. ಪತ್ರಿಕೆ, ನಾಟಕ, ಹಾಡು ಎಲ್ಲದರ ಮೇಲೂ ಸೆನ್ಸಾರಿನವರ ನೀಲಿ ಪೆನ್ಸಿಲ್ ಓಡಾಡುತ್ತಿತ್ತು. ಜೊತೆಗೆ ಜನ ಹೆದರುತ್ತಿದ್ದ ಗುಪ್ತ ಪೊಲೀಸರು.

ಇಂಥ ಕಾಲದಲ್ಲಿ, 1964ರಲ್ಲಿ, ಪೋರ್ಚುಗಲ್ ಮೊದಲ ಸಲ ಯೂರೋವಿಷನ್‌ಗೆ ಹೋಯಿತು. ಸ್ಪರ್ಧೆ ಶುರುವಾಗಿ ಆಗಲೇ ಎಂಟು ವರ್ಷ ಆಗಿತ್ತು. ಹಾಡನ್ನು ಆರಿಸಲೆಂದೇ ಅಲ್ಲಿನ ಸರಕಾರಿ ಟೆಲಿವಿಷನ್ ಆ ವರ್ಷ ಒಂದು ದೇಶೀಯ ಸ್ಪರ್ಧೆ ಶುರುಮಾಡಿತು. ಅದು ಇವತ್ತಿಗೂ 'ಹಾಡಿನ ಹಬ್ಬ' ಎಂಬ ಅರ್ಥದ ಹೆಸರಿನಲ್ಲಿ ನಡೆಯುತ್ತಿದೆ. ಮೊದಲ ವರ್ಷ ಗೆದ್ದವನು ಆಂಟೋನಿಯೊ ಕಲ್ವಾರಿಯೊ. ಹಾಡಿನ ಹೆಸರು 'ಪ್ರಾರ್ಥನೆ'. ಕೋಪನ್‌ಹೇಗನ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಸೊನ್ನೆ. ಅದೇ ಸಂಜೆ ಒಬ್ಬ ವ್ಯಕ್ತಿ ವೇದಿಕೆಗೆ ನುಗ್ಗಿ, ಸ್ಪೇನಿನ ಫ್ರಾಂಕೊ ಮತ್ತು ಸಲಜಾರ್ ಇಬ್ಬರನ್ನೂ ಬಹಿಷ್ಕರಿಸಿ ಎಂಬ ಫಲಕ ಹಿಡಿದು ನಿಂತ. ಕ್ಷಣದಲ್ಲಿ ಅವನನ್ನು ಎಳೆದೊಯ್ದರು. ಪೋರ್ಚುಗಲ್‌ನ ಮೊದಲ ಯೂರೋವಿಷನ್ ಅಂದರೆ ಒಂದು ಸೊನ್ನೆ ಮತ್ತು ಒಂದು ಪ್ರತಿಭಟನೆ, ಅಷ್ಟೇ.

1967ರಲ್ಲಿ ಹೋದವನು ಎಡ್ವಾರ್ಡೊ ನಾಸಿಮೆಂಟೊ. ಅಂಗೋಲಾದ ರಾಜಧಾನಿ ಲುವಾಂಡಾದಲ್ಲಿ ಹುಟ್ಟಿದವನು. ಯೂರೋವಿಷನ್ ವೇದಿಕೆ ಏರಿದ ಮೊದಲ ಕಪ್ಪು ಪುರುಷ ಗಾಯಕ. ಹಾಡಿನ ಹೆಸರು 'ಗಾಳಿ ಬದಲಾಯಿತು'. ಆದರೆ ಅಂಗೋಲಾದಲ್ಲಿ ಆಗ ಬೀಸುತ್ತಿದ್ದ ಗಾಳಿಯೇ ಬೇರೆ. 1961ರಿಂದ ಅಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಮೇಲೆ ಯುದ್ಧ ನಡೆಯುತ್ತಿತ್ತು. 1963ರಲ್ಲಿ ಗಿನಿಯಲ್ಲಿ, 1964ರಲ್ಲಿ ಮೊಜಾಂಬಿಕ್‌ನಲ್ಲಿ ಅದೇ ಬೆಂಕಿ ಹತ್ತಿಕೊಂಡಿತ್ತು. ಇಷ್ಟು ಚಿಕ್ಕ ದೇಶ ಒಂದೇ ಸಲಕ್ಕೆ ಮೂರು ಕಡೆ ಯುದ್ಧ ಮಾಡುತ್ತಿತ್ತು! ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆಯುತ್ತಿದ್ದರು. ತಪ್ಪಿಸಿಕೊಳ್ಳಲು ಸಾವಿರಾರು ಹುಡುಗರು ಗಡಿ ದಾಟಿ ಫ್ರಾನ್ಸಿಗೆ ಓಡಿಹೋದರು. ಯುದ್ಧ ಮುಗಿಯುವ ಹೊತ್ತಿಗೆ ಪೋರ್ಚುಗಲ್ ಕಡೆಯಲ್ಲೇ ಸತ್ತ ಸೈನಿಕರು 8 ಸಾವಿರಕ್ಕೂ ಹೆಚ್ಚು. ಆಫ್ರಿಕದವರ ಕಡೆ ಸತ್ತವರು ಅದಕ್ಕಿಂತ ಎಷ್ಟೋ ಪಟ್ಟು. ಅಂಥ ಹೊತ್ತಿನಲ್ಲಿ ಅಂಗೋಲಾದ ಒಬ್ಬ ಹುಡುಗ ಯುರೋಪಿನ ಮುಂದೆ ಪೋರ್ಚುಗಲ್ ಪರವಾಗಿ ಹಾಡಿದ್ದು ಸರಕಾರಕ್ಕೆ ಅನುಕೂಲವೇ ಆಗಿತ್ತು ಅನ್ನಿಸುತ್ತದೆ ನನಗೆ. ಇವೆಲ್ಲ ವಸಾಹತುಗಳಲ್ಲ, ನಮ್ಮ ದೇಶದ್ದೇ ಪ್ರಾಂತ್ಯಗಳು ಅನ್ನುವುದು ಆ ಸರಕಾರದ ವಾದವಾಗಿತ್ತಲ್ಲ. ಗೋವಾ ಬಗ್ಗೆಯೂ ಅದೇ ಹೇಳುತ್ತಿದ್ದರು.

ಇನ್ನು 1969ಕ್ಕೆ ಬರೋಣ. ಆ ವರ್ಷ ಹಾಡಿದವಳು ಸಿಮೋನ್ ದಿ ಒಲಿವೇರಾ. ಹಾಡು ಬರೆದವನು ಆರಿ ದೋಸ್ ಸಾಂತೋಸ್ ಎಂಬ ಕವಿ. ಆತ ಕಮ್ಯುನಿಸ್ಟ್. ಆ ಪಕ್ಷಕ್ಕೆ ಆಗ ನಿಷೇಧ. ಜೋಳದ ತೆನೆ ಸುಲಿಯುವ ಹಳ್ಳಿಯ ಚಿತ್ರದ ಮೂಲಕ ದೇಶವನ್ನೇ ಒಬ್ಬ ಹೆಣ್ಣಿನಂತೆ ಕಂಡ ಹಾಡು ಅದು. ಅದರಲ್ಲಿ ಮಗುವನ್ನು ಪಡೆಯುವುದರ ಹಿಂದಿನ ಸುಖದ ಬಗ್ಗೆ ಮುಚ್ಚುಮರೆ ಇಲ್ಲದ ಒಂದು ಸಾಲಿದೆ. ಒಬ್ಬ ಹೆಂಗಸು ಟೆಲಿವಿಷನ್ನಿನಲ್ಲಿ ನಿಂತು ಅದನ್ನು ಹಾಡಿದ್ದು ಸಂಪ್ರದಾಯಸ್ಥರಿಗೆ ಸಹಿಸಲಾಗಲಿಲ್ಲ, ದೊಡ್ಡ ಗಲಾಟೆಯಾಯಿತು. ಮ್ಯಾಡ್ರಿಡ್‌ನಲ್ಲಿ ಹಾಡಿಗೆ ನಾಲ್ಕೇ ಅಂಕ, 16 ದೇಶಗಳಲ್ಲಿ 15ನೇ ಸ್ಥಾನ. ಆದರೆ ಆಕೆ ರೈಲಿನಲ್ಲಿ ಲಿಸ್ಬನ್‌ಗೆ ಮರಳಿದಾಗ ಸ್ಟೇಷನ್ನಿನಲ್ಲಿ ಜನಸಾಗರ ಕಾದಿತ್ತು. ಸೋತು ಬಂದವಳಿಗೆ ಗೆದ್ದವರಿಗೆ ಸಿಗುವ ಸ್ವಾಗತ.

ಆ ವರ್ಷ ನಾಲ್ಕು ದೇಶಗಳು ಸಮಾನ ಅಂಕ ಪಡೆದು, ನಾಲ್ಕನ್ನೂ ವಿಜೇತರೆಂದು ಘೋಷಿಸಿದ್ದರು. ಇದೇನು ಮತದಾನ ಅಂತ ಸಿಟ್ಟಾಗಿ 1970ರಲ್ಲಿ ಹಲವು ದೇಶಗಳು ಹೊರಗುಳಿದವು, ಪೋರ್ಚುಗಲ್ ಕೂಡ. 1971ರಲ್ಲಿ ಮರಳಿ ಬಂತು. 1972ರಲ್ಲಿ 7ನೇ ಸ್ಥಾನ, ಅಲ್ಲಿವರೆಗಿನ ಅತ್ಯುತ್ತಮ ಸಾಧನೆ.

1973ರ ಹಾಡು ನನಗೆ ತುಂಬಾ ಇಷ್ಟವಾದದ್ದು. ಬರೆದವನು ಮತ್ತೆ ಅದೇ ಆರಿ ದೋಸ್ ಸಾಂತೋಸ್, ಹಾಡಿದವನು ಫೆರ್ನಾಂಡೊ ತೋರ್ದೊ. ಹೆಸರು 'ಗೂಳಿ ಕಾಳಗ'. ಕೇಳಿದರೆ ಗೂಳಿ ಕಾಳಗದ ವರ್ಣನೆ ಅನ್ನಿಸುತ್ತದೆ. ಆದರೆ ಅಖಾಡದಲ್ಲಿ ಒಬ್ಬೊಬ್ಬರಾಗಿ ಬರುವವರು ಆಗಿನ ಸಮಾಜದ ದೊಡ್ಡ ಮನುಷ್ಯರು, ಅವರ ಆಡಂಬರ, ಅವರ ಹಣ. ಇಡೀ ವ್ಯವಸ್ಥೆಯ ಗೇಲಿ. ಸೆನ್ಸಾರಿನವರು ಬಿಟ್ಟುಕೊಟ್ಟರು! ಅರ್ಥವಾಗಲಿಲ್ಲವೋ, ಅಥವಾ ಅರ್ಥವಾಗಿದೆ ಅಂತ ಒಪ್ಪಿಕೊಂಡರೆ ತಮಗೇ ಅವಮಾನ ಅಂದುಕೊಂಡರೋ... ಅಂತೂ ಸರ್ವಾಧಿಕಾರವನ್ನು ಹಂಗಿಸುವ ಹಾಡನ್ನು ಆ ಸರ್ವಾಧಿಕಾರದ ಟೆಲಿವಿಷನ್ನೇ ಯುರೋಪಿಗೆ ಕಳಿಸಿತು. ಅಲ್ಲಿ 10ನೇ ಸ್ಥಾನ.

ಮುಂದಿನ ವರ್ಷದ್ದೇ ನಾನು ಮೊದಲು ಹೇಳಿದ ಹಾಡು. ಸಾಹಿತ್ಯ ಜೋಸೆ ನಿಜಾ ಅವರದು, ವೃತ್ತಿಯಲ್ಲಿ ವೈದ್ಯರು. ಸಂಗೀತ ಜೋಸೆ ಕಲ್ವಾರಿಯೊ. ಇದರಲ್ಲಿ ಗೇಲಿ ಇಲ್ಲ, ರಾಜಕೀಯ ಇಲ್ಲ. ಒಂದು ಪ್ರೀತಿ ಮುಗಿದ ಮೇಲೆ ಒಬ್ಬಂಟಿಯಾದವನು ತನ್ನನ್ನು ತಾನೇ ಕೇಳಿಕೊಳ್ಳುವ ಮಾತು, ಅಷ್ಟೇ. ಮುಂದೆ ಅದಕ್ಕೆ ಸಿಕ್ಕಿದ ಕೆಲಸಕ್ಕೆ ಈ ಸಾದಾತನವೇ ಅರ್ಹತೆಯಾಯಿತು.

ಯುದ್ಧದಿಂದ ಬೇಸತ್ತ ಕಿರಿಯ ಅಧಿಕಾರಿಗಳು, ಹೆಚ್ಚಿನವರು ಕ್ಯಾಪ್ಟನ್ ದರ್ಜೆಯವರು, ಗುಟ್ಟಾಗಿ ಒಂದು ಚಳುವಳಿ ಕಟ್ಟಿದ್ದರು. ಆಫ್ರಿಕದ ಕಾಡಿನಲ್ಲಿ ಈ ಯುದ್ಧ ಗೆಲ್ಲಲಾಗದು ಅಂತ ಅವರಿಗೆ ಖಾತ್ರಿಯಾಗಿತ್ತು. ಸಲಜಾರ್ 1970ರಲ್ಲಿ ಸತ್ತಿದ್ದ. ಅವನ ಜಾಗದಲ್ಲಿದ್ದ ಮಾರ್ಸೆಲೊ ಕಯೆತಾನೊ ಯುದ್ಧ ನಿಲ್ಲಿಸುವ ಲಕ್ಷಣ ಕಾಣಲಿಲ್ಲ. ಹಾಗಾಗಿ ದಂಗೆಯ ಯೋಜನೆ. ಅದನ್ನು ರೂಪಿಸಿದವನು ಓತೆಲೊ ಸರೈವಾ ದಿ ಕಾರ್ವಾಲ್ಯೊ ಎಂಬ ಮೇಜರ್. (ಗಾಯಕನಿಗೂ ಇವನಿಗೂ ಹೆಸರಿನ ಕೊನೆ ಮಾತ್ರ ಒಂದೇ.)

ಆದರೆ ಬೇರೆ ಬೇರೆ ಊರಿನ ಬ್ಯಾರಕ್‌ಗಳಲ್ಲಿದ್ದ ಸೈನಿಕರಿಗೆಲ್ಲ ಒಂದೇ ಹೊತ್ತಿಗೆ ಸೂಚನೆ ಕೊಡುವುದು ಹೇಗೆ? ಮೊಬೈಲ್ ಇಲ್ಲದ ಕಾಲ. ಫೋನು ಮಾಡಿದರೆ ಗುಪ್ತ ಪೊಲೀಸರ ಕಿವಿ. ಆದರೆ ರೇಡಿಯೋ ಎಲ್ಲರ ಹತ್ತಿರವೂ ಇತ್ತು. ಯಾವ ಹಾಡು? ಬಂಡಾಯದ ಗಾಯಕರ ಹಾಡು ಹಾಕಿದರೆ ತಕ್ಷಣ ಅನುಮಾನ. ಆಗಷ್ಟೇ ಯೂರೋವಿಷನ್‌ಗೆ ಹೋಗಿ ಬಂದ ಪ್ರೇಮಗೀತೆಯಾದರೆ? ದಿನಾ ಬರುವಂಥದ್ದು, ಯಾರೂ ತಿರುಗಿ ನೋಡುವುದಿಲ್ಲ.

ಏಪ್ರಿಲ್ 24, ರಾತ್ರಿ 10 ಗಂಟೆ 55 ನಿಮಿಷ. ಲಿಸ್ಬನ್ನಿನ ಒಂದು ಖಾಸಗಿ ಕೇಂದ್ರದಲ್ಲಿ ಉದ್ಘೋಷಕ ಜೋವಾಂವ್ ಪೌಲೊ ದಿನಿಜ್, ಹನ್ನೊಂದಕ್ಕೆ ಐದು ನಿಮಿಷ ಇದೆ ಅಂತ ಹೇಳಿ ಹಾಡು ಹಾಕಿದ. ಸಿದ್ಧರಾಗಿ ಅನ್ನುವುದು ಅದರ ಅರ್ಥ. ಬ್ರೈಟನ್‌ನಲ್ಲಿ ಮೂವರನ್ನು ಮಾತ್ರ ಒಲಿಸಿಕೊಂಡಿದ್ದ ಹಾಡಿಗಾಗಿ ಈಗ ಬ್ಯಾರಕ್‌ಗಳಲ್ಲಿ ಉಸಿರು ಬಿಗಿಹಿಡಿದು ಕಾಯುತ್ತಿದ್ದರು! ಆ ಕೇಂದ್ರದ ಪ್ರಸಾರ ಲಿಸ್ಬನ್ ಸುತ್ತಮುತ್ತ ಮಾತ್ರ ಕೇಳುತ್ತಿದ್ದರಿಂದ ಎರಡನೆಯ ಸೂಚನೆಗೆ ದೇಶವೆಲ್ಲ ಕೇಳುವ ಇನ್ನೊಂದು ಕೇಂದ್ರವನ್ನು ಆರಿಸಿದ್ದರು. ಮಧ್ಯರಾತ್ರಿ ಕಳೆದು 20 ನಿಮಿಷಕ್ಕೆ ಅಲ್ಲಿಂದ ಜೋಸೆ ಅಫೋನ್ಸೊ ಹಾಡಿದ 'ಗ್ರಾಂಡೊಲಾ, ವಿಲಾ ಮೊರೆನಾ' ಬಂತು. ಅದು ಬಂಡಾಯದ ಗಾಯಕನದೇ ಹಾಡು. ಆ ಹೊತ್ತಿಗೆ ಅನುಮಾನ ಬಂದರೂ ಪರವಾಗಿರಲಿಲ್ಲ. ಹೊರಟಾಯಿತು, ಇನ್ನು ಹಿಂದಿರುಗುವ ಮಾತಿಲ್ಲ ಅನ್ನುವುದು ಅದರ ಅರ್ಥ.

ಮುಂದಿನದು ಚರಿತ್ರೆಯ ಪುಸ್ತಕಗಳಲ್ಲಿದೆ. ಬೆಳಗಾಗುವುದರೊಳಗೆ ಟ್ಯಾಂಕುಗಳು ಲಿಸ್ಬನ್ನಿನ ಬೀದಿಯಲ್ಲಿದ್ದವು. ಮನೆಯಲ್ಲೇ ಇರಿ ಅಂತ ರೇಡಿಯೋದಲ್ಲಿ ಎಷ್ಟು ಹೇಳಿದರೂ ಜನ ಕೇಳಲಿಲ್ಲ, ಬೀದಿಗೆ ಬಂದು ಸೈನಿಕರ ಬಂದೂಕಿನ ನಳಿಗೆಗೆ ಕೆಂಪು ಕಾರ್ನೇಷನ್ ಹೂ ಸಿಕ್ಕಿಸಿದರು. ಸಂಜೆಗೆ ಕಯೆತಾನೊ ಶರಣಾದ. ರಕ್ತಪಾತವಿಲ್ಲದ ಕ್ರಾಂತಿ ಅನ್ನುತ್ತಾರೆ, ಅದು ಪೂರ್ತಿ ನಿಜವಲ್ಲ. ಗುಪ್ತ ಪೊಲೀಸರು ತಮ್ಮ ಕಚೇರಿಯೊಳಗಿಂದ ಜನರ ಮೇಲೆ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಆ ನಾಲ್ವರನ್ನು ಮರೆಯಬಾರದು.

ಅಂದ ಹಾಗೆ, ಹಾಡಿದವನಿಗೆ ಇದ್ಯಾವುದೂ ಗೊತ್ತೇ ಇರಲಿಲ್ಲ! ತನ್ನ ದನಿ ಒಂದು ಸರಕಾರವನ್ನು ಬೀಳಿಸುವ ಸಂಕೇತವಾಗಿತ್ತು ಅನ್ನುವುದು ಪೌಲೊ ದಿ ಕಾರ್ವಾಲ್ಯೊಗೆ ತಿಳಿದದ್ದು ಆಮೇಲೆ.

ಈ ಕಥೆಗೂ ನಮಗೂ ಸಂಬಂಧ ಇಲ್ಲಿದೆ. 1961ರ ಡಿಸೆಂಬರ್‌ನಲ್ಲಿ ಭಾರತದ ಸೇನೆ ಗೋವಾವನ್ನು ಬಿಡಿಸಿಕೊಂಡಿತು. ನಮ್ಮ ಕಾರವಾರದ ಹತ್ತಿರದ ಸಮುದ್ರದಲ್ಲಿರುವ ಅಂಜುದೀವ್ ದ್ವೀಪವನ್ನೂ ಆಗಲೇ ನೌಕಾಪಡೆ ವಶಪಡಿಸಿಕೊಂಡದ್ದು. ಆ ಕಾರ್ಯಾಚರಣೆಯಲ್ಲಿದ್ದ ಯುದ್ಧನೌಕೆಗಳಲ್ಲಿ ಒಂದರ ಹೆಸರು ಮೈಸೂರು. ಆದರೆ ಸಲಜಾರ್ ಅದನ್ನು ಒಪ್ಪಲೇ ಇಲ್ಲ. ಲಿಸ್ಬನ್ನಿನ ಕಾಗದಗಳಲ್ಲಿ ಗೋವಾ ಇನ್ನೂ ಅವರದೇ ಆಗಿತ್ತು. ಕ್ರಾಂತಿಯಾದ ಮೂರು ದಿನಕ್ಕೆ ಪ್ಯಾರಿಸ್ಸಿನ ದೇಶಭ್ರಷ್ಟ ಬದುಕಿನಿಂದ ಮರಳಿದ ಮಾರಿಯೊ ಸೋರೆಸ್ ವಿದೇಶಾಂಗ ಮಂತ್ರಿಯಾದರು. 1974ರ ಡಿಸೆಂಬರ್ 31ರಂದು ದೆಹಲಿಯಲ್ಲಿ ನಮ್ಮ ವಿದೇಶಾಂಗ ಮಂತ್ರಿ ವೈ.ಬಿ. ಚವಾಣ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿ, ಗೋವಾ ಭಾರತದ್ದು ಅಂತ ಒಪ್ಪಿಕೊಂಡರು. 13 ವರ್ಷ ಎಳೆದ ಮಾತು ಆ ಹಾಡು ಬಂದ ವರ್ಷದ ಕೊನೆಯ ದಿನ ಮುಗಿಯಿತು.

1975ರ ಯೂರೋವಿಷನ್‌ಗೆ ಪೋರ್ಚುಗಲ್ ಯಾರನ್ನು ಕಳಿಸಿತು ಗೊತ್ತೇ? ದುವಾರ್ತೆ ಮೆಂಡೆಸ್ ಎಂಬ ಸೈನ್ಯದ ಕ್ಯಾಪ್ಟನ್‌ನನ್ನು! ಆ ರಾತ್ರಿಯ ಚಳುವಳಿಯಲ್ಲಿದ್ದ ಗಾಯಕ. ಹಾಡಿನ ಹೆಸರು 'ಮುಂಜಾವು'. 19 ದೇಶಗಳಲ್ಲಿ 16ನೇ ಸ್ಥಾನ. 1976ರಲ್ಲಿ ಫಾದೊ ಗಾಯಕ ಕಾರ್ಲೊಸ್ ದೊ ಕಾರ್ಮೊ ಹಾಡಿದ್ದು, ಸಲಜಾರ್ ಕಾಲದಲ್ಲಿ ಅಲ್ಜೀರಿಯಾಕ್ಕೆ ಓಡಿಹೋಗಬೇಕಾಗಿದ್ದ ಕವಿ ಮನುಯೆಲ್ ಅಲೆಗ್ರೆಯ ಸಾಹಿತ್ಯ. 12ನೇ ಸ್ಥಾನ. ಮನೆಯಲ್ಲಿ ಚರಿತ್ರೆ ನಡೆಯುತ್ತಿದ್ದರೆ ಯುರೋಪಿನ ತೀರ್ಪುಗಾರರಿಗೆ ಅದು ಮೂರು ನಿಮಿಷದ ಇನ್ನೊಂದು ಹಾಡು. ಅವರನ್ನು ದೂರಿ ಪ್ರಯೋಜನವಿಲ್ಲ. ಭಾಷೆ ಗೊತ್ತಿಲ್ಲದವರಿಗೆ ಸಂದರ್ಭವೂ ಗೊತ್ತಿರುವುದಿಲ್ಲ.

ಆಮೇಲಿನ ದಶಕಗಳು ಬಹುಪಾಲು ಸಪ್ಪೆ. 1996ರಲ್ಲಿ ಲೂಸಿಯಾ ಮೊನಿಜ್ 6ನೇ ಸ್ಥಾನ ತಂದಳು. 'ಲವ್ ಆಕ್ಚುಯಲಿ' ಚಿತ್ರ ನೋಡಿದವರಿಗೆ, ಅದರಲ್ಲಿ ಬರುವ ಪೋರ್ಚುಗೀಸ್ ಮನೆಗೆಲಸದ ಹುಡುಗಿ ನೆನಪಿರಬಹುದು. ಅವಳೇ ಇವಳು. ಮರುವರ್ಷವೇ ಮತ್ತೆ ಸೊನ್ನೆ. 2004ರಲ್ಲಿ ಸೆಮಿಫೈನಲ್ ಪದ್ಧತಿ ಬಂದ ಮೇಲೆ ನಾಲ್ಕು ವರ್ಷ ಫೈನಲ್‌ಗೇ ಹೋಗಲಾಗಲಿಲ್ಲ. ಆದರೂ ಒಂದು ಹಟ ಕಾಣುತ್ತದೆ. ನಡುವೆ ಕೆಲವು ಹಾಡುಗಳಲ್ಲಿ ಇಂಗ್ಲಿಷ್ ಬೆರೆಸಿದರೂ, ಪೂರ್ತಿ ಇಂಗ್ಲಿಷ್ ಹಾಡು ಕಳಿಸಿದ್ದು 2021ರಲ್ಲಿ ಮಾತ್ರ.

2011ರಲ್ಲಿ ದೇಶ ಸಾಲದಲ್ಲಿ ಮುಳುಗಿ 78 ಬಿಲಿಯನ್ ಯೂರೋ ನೆರವಿಗೆ ಕೈಚಾಚಿತು. ಆ ವರ್ಷ ಜನ ಆರಿಸಿ ಕಳಿಸಿದ್ದು 'ಹೋರಾಟದ ಗಂಡಸರು' ಎಂಬ ಹಾಸ್ಯ ತಂಡವನ್ನು. 1974ರ ಕಾಲದ ಬಂಡಾಯದ ಹಾಡುಗಳನ್ನು ಅಣಕಿಸುತ್ತಲೇ ಹೊಸ ಸಿಟ್ಟನ್ನು ಹೇಳಿದವರು. ಸೆಮಿಫೈನಲ್‌ನಲ್ಲೇ ಹೊರಬಿದ್ದರು. ಅದೇ ಬಿಕ್ಕಟ್ಟಿನ ಕಾಲದಲ್ಲಿ, 2014ರಲ್ಲಿ, 'ಗೂಳಿ ಕಾಳಗ' ಹಾಡಿದ ಫೆರ್ನಾಂಡೊ ತೋರ್ದೊ ತನ್ನ 65ನೇ ವಯಸ್ಸಿನಲ್ಲಿ ಕೆಲಸ ಹುಡುಕಿಕೊಂಡು ಬ್ರೆಜಿಲ್‌ಗೆ ಹೋದ. ಸರ್ವಾಧಿಕಾರಕ್ಕೆ ಹೆದರದವನು ಹೊಟ್ಟೆಪಾಡಿಗೆ ಊರು ಬಿಟ್ಟ. ಇದನ್ನು ಓದಿದಾಗ ಯಾಕೋ ಮನಸ್ಸು ಭಾರವಾಯಿತು.

ಕೊನೆಗೂ 2017ರಲ್ಲಿ, ಮೊದಲ ಸಲ ಹೋಗಿ 53 ವರ್ಷ ಆದ ಮೇಲೆ, ಪೋರ್ಚುಗಲ್ ಗೆದ್ದಿತು. ಸಾಲ್ವಡೊರ್ ಸೊಬ್ರಾಲ್ ಎಂಬ 27ರ ಹುಡುಗ, ಅಕ್ಕ ಲೂಯಿಸಾ ಬರೆದು ಸಂಗೀತ ಕೂಡಿಸಿದ ಹಾಡನ್ನು ಪೋರ್ಚುಗೀಸಿನಲ್ಲೇ ಹಾಡಿದ. ಬೆಂಕಿ ಇಲ್ಲ, ಕುಣಿತ ಇಲ್ಲ. ಹೃದಯದ ಕಾಯಿಲೆಯಿಂದ ನಿತ್ರಾಣನಾಗಿದ್ದ. ಶುರುವಿನ ತಾಲೀಮುಗಳಲ್ಲಿ ಅವನ ಬದಲಿಗೆ ಅಕ್ಕನೇ ನಿಂತು ಹಾಡಿದ್ದಳು. ಬಂದ ಅಂಕ 758! ತೀರ್ಪುಗಾರರೂ ಜನರೂ ಇಬ್ಬರೂ ಅವನಿಗೇ ಮೊದಲ ಸ್ಥಾನ ಕೊಟ್ಟರು. ಆ ವರ್ಷದ ಡಿಸೆಂಬರ್‌ನಲ್ಲಿ ಅವನಿಗೆ ಬೇರೆ ಹೃದಯ ಕಸಿ ಮಾಡಿದರು.

ಸರ್ವಾಧಿಕಾರದ ಕಾಲದಲ್ಲಿ ಜನರನ್ನು ಮೂರು ಸಂಗತಿಗಳಲ್ಲಿ ಮೈಮರೆಸಿ ಇಟ್ಟಿದ್ದರು ಅನ್ನುವ ಮಾತಿದೆ: ಫಾದೊ ಹಾಡು, ಫುಟ್‌ಬಾಲ್, ಫಾತಿಮಾ ಮಾತೆಯ ಯಾತ್ರೆ. ಸೊಬ್ರಾಲ್ ಗೆದ್ದ 2017ರ ಮೇ 13ರಂದೇ ಪೋಪ್ ಫ್ರಾನ್ಸಿಸ್ ಫಾತಿಮಾದಲ್ಲಿದ್ದರು, ಬೆನ್‌ಫಿಕಾ ತಂಡ ಸತತ ನಾಲ್ಕನೇ ಸಲ ಲೀಗ್ ಗೆದ್ದಿತು. ರಾತ್ರಿಗೆ ಹಾಡು. ಅದು ಫಾದೊ ಅಲ್ಲ ಅನ್ನುವುದು ಬಿಟ್ಟರೆ ಮೂರೂ ಒಂದೇ ದಿನ!

ಮರುವರ್ಷ ಸ್ಪರ್ಧೆ ಲಿಸ್ಬನ್ನಿನಲ್ಲೇ ನಡೆಯಿತು. ಹೊಸ ಹೃದಯದೊಂದಿಗೆ ಸೊಬ್ರಾಲ್ ಬಂದು ಬ್ರೆಜಿಲ್‌ನ ಹಿರಿಯ ಗಾಯಕ ಕಯೆತಾನೊ ವೆಲೋಸೊ ಜೊತೆ ಹಾಡಿದ. ಆ ವರ್ಷ ಪೋರ್ಚುಗಲ್‌ಗೆ ಸಿಕ್ಕ ಸ್ಥಾನ? 26ರಲ್ಲಿ 26. ತಮ್ಮ ಮನೆಯಲ್ಲೇ ಕಟ್ಟಕಡೆ!

ಇಷ್ಟೆಲ್ಲ ಓದಿದ ಮೇಲೆ ಆ 1974ರ ಫಲಿತಾಂಶದ ಪಟ್ಟಿಯನ್ನು ಮತ್ತೊಮ್ಮೆ ತೆಗೆದು ನೋಡಿದೆ. ಅಬ್ಬಾಗೆ 24, ಪೋರ್ಚುಗಲ್‌ಗೆ 3. ಲೆಕ್ಕ ತಪ್ಪಿಲ್ಲ. 'ವಾಟರ್ಲೂ' ಒಳ್ಳೆಯ ಹಾಡು, ಗೆಲ್ಲಬೇಕಾದದ್ದೇ. ಸೊಬ್ರಾಲ್‌ನ 758 ಕೂಡ ನ್ಯಾಯವಾಗಿ ಬಂದದ್ದು. ಆದರೆ 2024ರ ಏಪ್ರಿಲ್ 25ರಂದು ಕ್ರಾಂತಿಗೆ 50 ವರ್ಷ ತುಂಬಿದಾಗ ಲಿಸ್ಬನ್ನಿನ ದೊಡ್ಡ ರಸ್ತೆಯಲ್ಲಿ ಕೆಂಪು ಹೂ ಹಿಡಿದು ಸೇರಿದ ಅಷ್ಟೂ ಜನರಿಗೆ ಆ ಮೂರು ಅಂಕದ ಹಾಡು ಏನು ಅನ್ನುವುದು ಯಾವ ಪಟ್ಟಿಯಲ್ಲೂ ಇಲ್ಲ. ಸಾಧ್ಯವಾದರೆ ನೀವೂ ಒಮ್ಮೆ ಹುಡುಕಿ ಕೇಳಿ. ಭಾಷೆ ಬರದಿದ್ದರೂ ಪರವಾಗಿಲ್ಲ. ರಾತ್ರಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕೇಳಿದರೆ ಇನ್ನೂ ಒಳ್ಳೆಯದು.